ಸಿದ್ದವ್ವನ ನಾಷ್ಟಾ ಚೀಲ

ಇಳಕಲ್ಲಿನ ಸಿದ್ದವ್ವನ ಮನೆಯಲ್ಲಿ ಮಿಕ್ಸರನ್ನು ಮಿಕ್ಸರ್ ಎಂದು ಯಾರೂ ಕರೆಯುವುದಿಲ್ಲ. ಅದು ‘ಗೋವಾ’. ಗೋಡೆಯ ಗಡಿಯಾರ ‘ಹೈದರಾಬಾದು’. ಅಡುಗೆಮನೆಯ ಮೂಲೆಯಲ್ಲಿ ಹೊಳೆಯುವ ಸ್ಟೀಲಿನ ಕೊಡ ‘ಮೈಸೂರು’. ಹಾಗಂತ ಇವು ಆ ಊರುಗಳಲ್ಲಿ ಕೊಂಡ ಸಾಮಾನುಗಳಲ್ಲ, ಎಲ್ಲವೂ ಇಳಕಲ್ಲಿನ ಬಜಾರಿನವೇ. ಆ ಊರುಗಳಿಗೆ ತಿರುಗಾಡಲು ಹೋದಾಗ ಹೋಟೆಲಿನಲ್ಲಿ ನಾಷ್ಟಾ ಮಾಡದೆ ಉಳಿಸಿದ ದುಡ್ಡಿನಿಂದ ಬಂದವು, ಅದಕ್ಕೇ ಆ ಹೆಸರು. “ಗೋವಾ ಕೆಟ್ಟೈತ್ರಿ, ರಿಪೇರಿಗೆ ಕೊಟ್ಟು ಬರ್ರಿ” ಎಂದು ಸಿದ್ದವ್ವ ಹೇಳಿದರೆ ಗಂಡ ಕಾಶಪ್ಪ ಚಕಾರ ಎತ್ತದೆ ಮಿಕ್ಸರನ್ನು ಬಗಲಿಗೆ ಇಟ್ಟುಕೊಂಡು ಹೊರಡುತ್ತಾನೆ.

ಸಿದ್ದವ್ವ ಜುಗ್ಗಿಯಲ್ಲ. ಈ ಮಾತನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಆಕೆಗೆ ಅನ್ಯಾಯವಾಗುತ್ತದೆ. ತಾಟಿನ ಮುಂದೆ ಕೂತಾಗ ಬಾಗಿಲಲ್ಲಿ ಯಾರು ಹಾಯ್ದರೂ “ಬರ್ರಿ, ಊಟ ಮಾಡೂಣು” ಎಂದು ಕರೆಯದೆ ಆಕೆಗೆ ತುತ್ತು ಇಳಿಯುವುದಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನನ್ನು ಕರೆದಿದ್ದಾಳೆ, ವಿಳಾಸ ತಪ್ಪಿ ಬಂದ ಕೊರಿಯರಿನವನನ್ನು ಕರೆದಿದ್ದಾಳೆ. ಹಿಂದಿನ ದಿನವಷ್ಟೇ ನಳದ ನೀರಿಗಾಗಿ ಜಗಳಾಡಿದ್ದ ಮಗ್ಗುಲ ಮನೆಯ ದೌಲತಬಿಯನ್ನೂ ಕರೆದಿದ್ದಾಳೆ. ದೌಲತಬಿ ಬಂದು, ಹೊಟ್ಟೆ ತುಂಬ ಉಂಡು, ಉಳಿದ ಜಗಳ ಮುಗಿಸಿಯೇ ಎದ್ದು ಹೋದಳು. ಕರೆಯದೆ ತಿನ್ನುವುದೆಂದರೆ ಸಿದ್ದವ್ವನ ಪಾಲಿಗೆ ಕದ್ದು ತಿಂದ ಹಾಗೆ.

ಹೋಟೆಲಿನ ನಾಷ್ಟಾ ಮೇಲೆ ಆಕೆಗಿದ್ದ ಸಿಟ್ಟೇ ಬೇರೆ. ಮಗ ವಿಜಯಮಹಾಂತೇಶ ಸಣ್ಣವನಿದ್ದಾಗ ಮೂವರೂ ಮೈಸೂರಿಗೆ ಹೋಗಿದ್ದರು. ಮೊದಲ ಮುಂಜಾನೆ ಒಂದು ಪ್ಲೇಟು ಇಡ್ಲಿ ತಿಂದು ಮುಗಿಸಿದ ಹುಡುಗ ಗೋಡೆಯ ಮೇಲಿನ ರೇಟಿನ ಬೋರ್ಡು ನೋಡಿದ, ಆಮೇಲೆ ಅಪ್ಪನ ಮುಖ ನೋಡಿದ, ಆಮೇಲೆ ಯಾರೂ ಕೇಳದೆಯೇ “ಸಾಕು” ಎಂದ. ಕಾಶಪ್ಪ ಸೀರೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸಿ, ಕೊಳ್ಳದೆ ಎದ್ದವರ ಹಿಂದೆಯೇ ಮತ್ತೆ ಮಡಚಿಡುವ ಕೆಲಸದವನು. ಆತನ ಜೇಬು ಎಷ್ಟೆಂದು ಹುಡುಗನಿಗೂ ಗೊತ್ತಿತ್ತು. ಆ ‘ಸಾಕು’ ಎಂಬ ಮಾತು ಸಿದ್ದವ್ವನ ಕರುಳಿಗೆ ಚುಚ್ಚಿತು. ತನ್ನ ಮನೆಯ ಕೂಸು ಬೋರ್ಡು ನೋಡಿ ಕೈ ತೊಳೆಯುವುದು ಇದೇ ಕೊನೆ ಎಂದು ಅಲ್ಲೇ ನಿಶ್ಚಯಿಸಿದಳು.

ಅಂದಿನಿಂದ ಯಾವ ಊರಿಗೆ ಹೊರಟರೂ, ಮತ್ತೊಮ್ಮೆ ಮೈಸೂರಿಗೇ ಹೊರಟಾಗಲೂ, ನಾಷ್ಟಾ ಗಂಟು ಜೊತೆಗೆ. ಹಿಟ್ಟಿಗೆ ಖಾರ ಮಸಾಲೆ ಕಲಸಿ ತಟ್ಟಿದ ಧಪಾಟಿ, ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿ, ಎಣ್ಣೆ ಖಾರ ಹಚ್ಚಿದ ಚುರಮರಿ. ಲಾಡ್ಜಿನ ಖೋಲಿಯಲ್ಲಿ ಹಾಸಿಗೆಯ ಮೇಲೆ ಪೇಪರು ಹಾಸಿ ಮೂವರೂ ಸುತ್ತ ಕೂರುತ್ತಿದ್ದರು. ಖಡಕ್ ರೊಟ್ಟಿ ಮುರಿಯುವ ಸದ್ದು ಹೊರಗೆ ಕೇಳದಿರಲೆಂದು ಕಾಶಪ್ಪ ಟಿವಿ ಜೋರು ಮಾಡುತ್ತಿದ್ದ. ಮುಂಜಾನೆ ಮುಂಜಾನೆಯೇ ಷೇರು ಮಾರುಕಟ್ಟೆಯ ಸುದ್ದಿಯನ್ನು ಇಷ್ಟು ದೊಡ್ಡ ದನಿಯಲ್ಲಿ ಕೇಳುವ ಈತ ಯಾವ ಸಾಹುಕಾರನೋ ಎಂದು ಮಗ್ಗುಲ ಖೋಲಿಯವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಈಗ ವಿಜಯಮಹಾಂತೇಶ ಹುನಗುಂದದ ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕು. ಹೋದ ವರ್ಷ ಮದುವೆಯಾಯಿತು. ಸೊಸೆ ಪದ್ಮಶ್ರೀ ಬಾಗಲಕೋಟೆಯ ಹುಡುಗಿ, ಅವರಪ್ಪ ಎಂಜಿನಿಯರು. ಹೋಟೆಲಿಗೆ ಹೋದರೆ ಮೆನು ಕಾರ್ಡಿನಲ್ಲಿ ತಿಂಡಿಯ ಹೆಸರಷ್ಟೇ ಓದಿ, ಮಗ್ಗುಲಲ್ಲಿರುವ ರೇಟನ್ನು ಓದದ ಮನೆತನ. ಹುಡುಗಿ ಮೃದು, ಮಾತು ಕಮ್ಮಿ. ಸಿದ್ದವ್ವನಿಗೆ ಆಕೆಯ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ಅಂಜಿಕೆ. ಬಂದ ಹೊಸತರಲ್ಲಿ ಪದ್ಮಶ್ರೀ, “ಅತ್ತಿ, ಮಿಕ್ಸರಿಗೆ ಗೋವಾ ಅಂತ ಯಾಕಂತೀರಿ?” ಎಂದು ಕೇಳಿದಾಗ ಸಿದ್ದವ್ವ ಪಾತ್ರೆ ತಿಕ್ಕುತ್ತಲೇ, “ಅದರ ಕಂಪನಿ ಹೆಸರವ್ವಾ” ಎಂದು ಸುಳ್ಳು ಹೇಳಿದ್ದಳು. ದುಡ್ಡಿದ್ದವರ ಮನೆಯ ಹುಡುಗಿ ತನ್ನನ್ನು ಜುಗ್ಗಿ ಎಂದುಕೊಂಡರೆ ಗತಿ ಏನು ಎಂಬುದೇ ಆಕೆಯ ಚಿಂತೆ.

ದಸರೆಯ ರಜೆಗೆ ಮಗ ಬಾದಾಮಿಯಲ್ಲಿ ಎರಡು ಖೋಲಿ ಹಿಡಿದ. ಸಾವಕಾಶವಾಗಿ ಗುಹೆ ನೋಡುವುದು, ಪಟ್ಟದಕಲ್ಲಿಗೆ ಹೋಗಿ ಬರುವುದು. ಮುಂಜಾನೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದಾದ ಊರಿಗೆ ಖೋಲಿ ಯಾಕೆಂದು ಕಾಶಪ್ಪ ಗೊಣಗಿದ. ಸೊಸೆಗೆ ಆಸೆ ಇದೆಯೆಂದು ಗೊತ್ತಾದ ಮೇಲೆ ಬಾಯಿ ಮುಚ್ಚಿದ. ಹೊರಡುವ ಹಿಂದಿನ ದಿನ ಮಗ ಅವ್ವನನ್ನು ಹಿತ್ತಲಿಗೆ ಕರೆದ.

“ಯವ್ವಾ, ಈ ಸಲ ಗಂಟು ಕಟ್ಟಬ್ಯಾಡ. ಪದ್ಮಾ ಏನ ತಿಳ್ಕೊಂತಾಳ?”

“ಕಟ್ಟಂಗಿಲ್ಲಪಾ,” ಎಂದಳು ಸಿದ್ದವ್ವ. ಮಾತಿಗೆ ತಪ್ಪಲೂ ಇಲ್ಲ. ಗಂಟು ಕಟ್ಟಲಿಲ್ಲ, ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿ, ಗಂಡನ ಸೀರೆ ಅಂಗಡಿಯ ಚೀಲದಲ್ಲಿಟ್ಟು, ಮೇಲೆ ಎರಡು ಸೀರೆ ಮುಚ್ಚಿದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಕಾಶಪ್ಪ ಇಳಿದು ಕರದಂಟು ಕೊಂಡು ತಂದು ಅದನ್ನೂ ಅದೇ ಚೀಲಕ್ಕೆ ಸೇರಿಸಿದ. ಬಸ್ಸು ಕುಲುಕಿದಾಗಲೆಲ್ಲ ಸೀರೆಗಳು ಡಬ್ಬಿಯ ಹಾಗೆ ಸದ್ದು ಮಾಡುತ್ತಿದ್ದವು. ಆಗ ಸಿದ್ದವ್ವ ಜೋರಾಗಿ ಕೆಮ್ಮುತ್ತಿದ್ದಳು.

ಬಾದಾಮಿಯ ಹೋಟೆಲಿನ ಮ್ಯಾನೇಜರು ತೌಸಿಫನೆಂಬ ತರುಣ. ಕೀಲಿ ಕೊಡುತ್ತ ಎರಡು ಮಾತು ಹೇಳಿದ. “ಹೊರಗಿಂದು ಊಟ ಒಳಗ ತರೂಹಂಗಿಲ್ರಿ. ಮತ್ತ ಬಾಲ್ಕನಿ ಬಾಗಲಾ ತಗೀಬ್ಯಾಡ್ರಿ, ಇಲ್ಲಿ ಮಂಗ್ಯಾನ ಕಾಟ ಭಾಳ.” ಮೊದಲ ಮಾತಿಗೆ ಬೆವತ ಕಾಶಪ್ಪನ ಕಿವಿಗೆ ಎರಡನೆಯದು ಬೀಳಲೇ ಇಲ್ಲ.

ಮೊದಲ ಮುಂಜಾನೆ ಗಂಡ ಹೆಂಡತಿ ಸ್ನಾನ ಪೂಜೆ ಮುಗಿಸಿ ಹಾಸಿಗೆಯ ಮೇಲೆ ಪೇಪರು ಹಾಸಿದರು. ಟಿವಿ ಕೂಗುತ್ತಿತ್ತು. ಮೊದಲ ರೊಟ್ಟಿ ಮುರಿಯುತ್ತಿದ್ದಂತೆ ಬಾಗಿಲು ಯಾರೋ ಮೆಲ್ಲಗೆ ತಟ್ಟಿದರು. ಕಾಶಪ್ಪ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೂ ನಿಲ್ಲಿಸಿ ಕಂಬದ ಹಾಗೆ ಕೂತ. ಮತ್ತೊಮ್ಮೆ ತಟ್ಟಿದ ಸದ್ದಾಯಿತು.

“ಹೋಟೆಲಿನವ್ರ ಇರಬೇಕು, ತಗೀಬ್ಯಾಡ,” ಎಂದು ಕಣ್ಣಲ್ಲೇ ಹೇಳಿದ. ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸಪ್ಪಳ ದೂರವಾಯಿತು. ಇಬ್ಬರೂ ಉಸಿರು ಬಿಟ್ಟು ಎರಡೆರಡು ಧಪಾಟಿ ಹೆಚ್ಚಿಗೆ ತಿಂದರು.

ಆಮೇಲೆ ಕೆಳಗೆ ಅಂಗಳದಲ್ಲಿ ಮಗ-ಸೊಸೆಯರ ಜೊತೆ ಮೇಜಿಗೆ ಕೂತ ಗಂಡ ಹೆಂಡತಿ, ತಮಗೆ ಮುಂಜಾನೆ ಚಹಾ ಬಿಟ್ಟರೆ ಏನೂ ಸೇರುವುದಿಲ್ಲ ಎಂದರು. ವಿಜಯಮಹಾಂತೇಶ ಅವ್ವನ ಸೆರಗಿಗೆ ಅಂಟಿದ್ದ ಚಟ್ನಿಪುಡಿ ನೋಡಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಪದ್ಮಶ್ರೀ ಇಡ್ಲಿಯನ್ನು ಚಮಚದಲ್ಲಿ ಆಚೆ ಈಚೆ ಹೊರಳಿಸಿ ಅರ್ಧಕ್ಕೇ ಪ್ಲೇಟು ಸರಿಸಿದಳು.

“ಯಾಕವ್ವಾ, ತಿನ್ನಲ್ಲ?” ಎಂದಳು ಸಿದ್ದವ್ವ.

“ಸಾಕ್ರಿ ಅತ್ತಿ.”

ಆ ಮಾತು ಸಿದ್ದವ್ವನನ್ನು ಮೈಸೂರಿನ ಹೋಟೆಲಿಗೇ ಎಳೆದೊಯ್ದಿತು. ಅದೇ ಮಾತು, ಅದೇ ಸಣ್ಣ ದನಿ. ಇಡೀ ದಿನ ಗುಹೆಯ ಮೆಟ್ಟಿಲು ಹತ್ತುವಾಗ ಅದೇ ಕಿವಿಯಲ್ಲಿ. ಹದಿನೆಂಟು ಕೈಯ ನಟರಾಜನ ಮುಂದೆ ನಿಂತು ಎಲ್ಲರೂ ಕೈ ಎಣಿಸುತ್ತಿದ್ದರೆ ಸಿದ್ದವ್ವ ಸೊಸೆಯ ಬಾಡಿದ ಮುಖ ನೋಡುತ್ತಿದ್ದಳು. ಈ ಹುಡುಗಿ ಹಸಿದಿದ್ದಾಳೆ, ತನ್ನ ಚೀಲದಲ್ಲಿ ಡಬ್ಬಿಗಟ್ಟಲೆ ಧಪಾಟಿ ಇದೆ. ಕೊಟ್ಟರೆ ಮಾನ ಹೋಗುತ್ತದೆ, ಕೊಡದಿದ್ದರೆ ಜೀವ ಚಡಪಡಿಸುತ್ತದೆ.

ಮರುದಿನ ಮುಂಜಾನೆ ಆಕೆಗೆ ತಡೆಯಲಾಗಲಿಲ್ಲ. “ಏನ್ರೀ, ಪದ್ಮಾಗ ಎರಡ ಧಪಾಟಿ ಕೊಟ್ಟು ಬರ್ಲೇನ್ರಿ?”

“ಹುಚ್ಚಿ ಅದೀಯೇನು? ಕೊಟ್ರ ಎಲ್ಲಾ ಬಯಲಾಗ್ತೈತಿ. ಮಗಾ ಮಾರಿ ಎತ್ತಿ ತಿರಗ್ಯಾಡಬೇಕೋ ಬ್ಯಾಡೋ? ಮದ್ಲ ಈ ಬೆಳ್ಳುಳ್ಳಿ ವಾಸನಿ ಹೊರಗ ಹೋಗ್ಲಿ,” ಎಂದವನೇ ಕಾಶಪ್ಪ ಬಾಲ್ಕನಿಯ ಬಾಗಿಲನ್ನು ಹಾರು ಹೊಡೆದು ತೆರೆದ.

ವಾಸನೆ ಹೊರಗೆ ಹೋಯಿತು. ಹೋದ ವಾಸನೆ ಒಬ್ಬಂಟಿಯಾಗಿ ವಾಪಸು ಬರಲಿಲ್ಲ, ನಾಲ್ಕು ಮಂಗಗಳನ್ನು ಕರೆದುಕೊಂಡು ಬಂತು. ದೊಡ್ಡ ಗಡವ ಒಂದು ನೇರ ಹಾಸಿಗೆಗೆ ಹಾರಿತು. ಕಾಶಪ್ಪ ಬಚ್ಚಲಿಗೆ ಹೊಕ್ಕು ಒಳಗಿಂದ ಅಗಳಿ ಹಾಕಿಕೊಂಡ. ಸಿದ್ದವ್ವ ಚೀಲದ ಒಂದು ಕಿವಿ ಹಿಡಿದಳು, ಮಂಗ ಇನ್ನೊಂದು ಕಿವಿ ಹಿಡಿಯಿತು. ಇಬ್ಬರೂ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡರು. ಮಂಗ ಹಲ್ಲು ಕಿಸಿಯಿತು, ಸಿದ್ದವ್ವ ಕೈ ಬಿಟ್ಟಳು.

ಸೀರೆ ಅಂಗಡಿಯ ಚೀಲ ಕೆಳಗಿನ ಅಂಗಳದ ಗೋಡೆಯ ಮೇಲೆ ಹೋಗಿ ಕೂತಿತು. ಮೇಜುಗಳಲ್ಲಿ ಊರೂರಿನ ಮಂದಿ ನಾಷ್ಟಾ ಮಾಡುತ್ತಿದ್ದರು. ಮೊದಲು ಒಂದು ಸೀರೆ ಬಿಚ್ಚಿಕೊಂಡು ಸೆರಗು ಗಾಳಿಗೆ ಹಾರಿತು. ಸೀರೆ ಬಿಚ್ಚಿ ತೋರಿಸುವುದರಲ್ಲಿ ಆ ಮಂಗನಿಗೆ ಕಾಶಪ್ಪನಿಗಿಂತ ಒಳ್ಳೆಯ ಕೈಗುಣವಿತ್ತು. ಆಮೇಲೆ ಖಡಕ್ ರೊಟ್ಟಿಗಳು ಒಂದೊಂದಾಗಿ ಬಂದು ಕಲ್ಲಿನ ನೆಲದ ಮೇಲೆ ಠಣ್ ಠಣ್ ಎಂದು ಒಡೆದವು. ಕೊನೆಗೆ ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ಕಳಚಿ, ಪುಣೆಯ ಕಡೆಯವರೊಬ್ಬರ ಬಿಳಿ ಅಂಗಿಯೂ ಕಾಫಿಯೂ ಒಂದೇ ಬಣ್ಣಕ್ಕೆ ಬಂದವು.

ಸಿದ್ದವ್ವ ಏದುಸಿರು ಬಿಡುತ್ತ ಮೆಟ್ಟಿಲು ಇಳಿದು ಬಂದಾಗ ತೌಸಿಫ ಅಂಗಳದ ನಡುವೆ ಸೊಂಟಕ್ಕೆ ಕೈ ಇಟ್ಟು ನಿಂತಿದ್ದ.

“ಯಾರದ್ರಿ ಈ ಚೀಲ?”

ವಿಜಯಮಹಾಂತೇಶ ನೆಲ ನೋಡುತ್ತಿದ್ದ. ಬಚ್ಚಲಿನಿಂದ ಬಿಡುಗಡೆಯಾಗಿ ಬಂದಿದ್ದ ಕಾಶಪ್ಪ ಆಕಾಶ ನೋಡುತ್ತ, “ಪಾಪ, ಯಾರದೋ ಏನೋ,” ಎಂದ. ಸಿದ್ದವ್ವ ಇಷ್ಟು ವರ್ಷ ಮುಚ್ಚಿಟ್ಟದ್ದು ಊರ ಮಂದಿಯ ಮುಂದೆ, ಅದೂ ಸೊಸೆಯ ಮುಂದೆ, ಚೂರು ಚೂರಾಗಿ ಬಿದ್ದಿತ್ತು. ನಾಚಿಕೆಯಿಂದ ಆಕೆಯ ಕಣ್ಣಲ್ಲಿ ನೀರು ಬಂತು.

“ನಮ್ಮದ್ರಿ,” ಎಂಬ ದನಿ ಕೇಳಿಸಿತು.

ಪದ್ಮಶ್ರೀ ಎದ್ದು ನಿಂತಿದ್ದಳು. “ನಮ್ಮದ್ರಿ ಅದು, ನಮ್ಮತ್ತಿ ಮಾಡಿದ್ದು,” ಎಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿ, ಚಪ್ಪಲಿ ಕೈಗೆ ತೆಗೆದುಕೊಂಡು ಗೋಡೆಯತ್ತ ಓಡಿದಳು. ಬಾಗಲಕೋಟೆಯ ಎಂಜಿನಿಯರರ ಮಗಳು ಅಂಥ ಬೈಗುಳ ಎಲ್ಲಿ ಕಲಿತಿದ್ದಳೋ, ಮಂಗನೇ ಬೆಚ್ಚಿ ಚೀಲ ಬಿಟ್ಟು ಹಾರಿತು. ಒಳಗೆ ಮುಚ್ಚಳ ಬಿಗಿಯಾಗಿದ್ದ ಧಪಾಟಿ ಡಬ್ಬಿಯೂ ಕರದಂಟಿನ ಪೊಟ್ಟಣವೂ ಉಳಿದಿದ್ದವು. ಪದ್ಮಶ್ರೀ ಮೇಜಿಗೆ ಬಂದು ಡಬ್ಬಿ ತೆರೆದು, ಯಾರನ್ನೂ ಕೇಳದೆ ಒಂದು ಧಪಾಟಿ ಮುರಿದು ಬಾಯಿಗಿಟ್ಟುಕೊಂಡಳು.

“ಯವ್ವಾ ಪದ್ಮಾ,” ಎಂದಳು ಸಿದ್ದವ್ವ ಅಳುದನಿಯಲ್ಲಿ, “ನಾ ಜುಗ್ಗಿ ಅಲ್ಲವ್ವಾ. ಏನ ತಿಳ್ಕೊಂತೀಯೋ ಅಂತ ಅಂಜಿ ಮುಚ್ಚಿಟ್ಟೆ.”

ಪದ್ಮಶ್ರೀ ತುತ್ತು ನುಂಗಿದಳು. ಆಕೆಯ ಕಣ್ಣುಗಳೂ ತೇವವಾಗಿದ್ದವು. “ನಿನ್ನೆ ಮುಂಜಾನೆ ನಿಮ್ಮ ಬಾಗಲಾ ಬಡದವಳು ನಾನೇ ರೀ ಅತ್ತಿ. ಚಟ್ನಿ ವಾಸನಿ ಬಂದಿತ್ತು, ನಮ್ಮತ್ತಿ ಕರೀತಾರ ಅಂತ ನಿಂತೆ. ಮೀಟರಿನವನ್ನ ಕರೀತೀರಿ, ಕೊರಿಯರಿನವನ್ನ ಕರೀತೀರಿ, ನನ್ನ ಒಬ್ಬಾಕಿನ್ನ ಕರೀಲಿಲ್ಲ. ನಾ ಇನ್ನೂ ಈ ಮನಿಯಾಕಿ ಆಗಿಲ್ಲೇನೋ ಅನಸ್ತು. ಆಮ್ಯಾಲ ಇಡ್ಲಿ ಹೆಂಗ ಇಳೀಬೇಕ್ರಿ?”

ಸಿದ್ದವ್ವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಜುಗ್ಗಿ ಅನಿಸಿಕೊಳ್ಳುವ ಅಂಜಿಕೆಯಲ್ಲಿ ಜನ್ಮದಲ್ಲಿ ಮಾಡದ ಕೆಲಸ ಮಾಡಿದ್ದಳು, ಬಾಗಿಲಿಗೆ ಬಂದವಳನ್ನು ಕರೆಯದೆ ತಿಂದಿದ್ದಳು. ಸೊಸೆಯ ತಲೆ ಎದೆಗೆ ಒತ್ತಿಕೊಂಡು, “ತಪ್ಪಾತವ್ವಾ, ದೊಡ್ಡ ತಪ್ಪಾತು,” ಎಂದು ಅತ್ತೇಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು ತಿರುಗಿ, ಚಟ್ನಿ ಬಿದ್ದವರನ್ನೂ ಸೇರಿಸಿ ಇಡೀ ಅಂಗಳಕ್ಕೆ ಕೇಳುವಂತೆ, “ಬರ್ರಿ ಎಲ್ಲಾರೂ, ನಾಷ್ಟಾ ಮಾಡೂಣು!” ಎಂದು ಕೂಗಿದಳು. ತೌಸಿಫ ನಿಯಮದ ಮಾತೆತ್ತಲು ಬಾಯಿ ತೆರೆದ. ತೆರೆದ ಬಾಯಿಗೆ ಸಿದ್ದವ್ವ ಕರದಂಟು ಇಟ್ಟಳು. ಪುಣೆಯವರು ಅಂಗಿ ಒರೆಸಿಕೊಳ್ಳುತ್ತ, ಚಟ್ನಿ ಉಳಿದಿದೆಯೇ ಎಂದು ಕೇಳಿದರು.

ಕೊನೆಯ ಮುಂಜಾನೆ ಸಿದ್ದವ್ವ ತಾನೇ ಹೋಗಿ ಸೊಸೆಯನ್ನು ಕರೆತಂದಳು, ನಾಲ್ವರೂ ಒಂದೇ ಹಾಸಿಗೆಯ ಮೇಲೆ ಪೇಪರಿನ ಸುತ್ತ ಕೂತರು. ಉಳಿದಿದ್ದ ಧಪಾಟಿಗೆ ಹೋಟೆಲಿನ ಅಡುಗೆಮನೆಯಿಂದ ತೌಸಿಫನೇ ಒಂದು ಬಟ್ಟಲು ಮೊಸರು ಕಳಿಸಿದ್ದ. ಟಿವಿ ಬಂದ್ ಆಗಿತ್ತು. ಬಾಲ್ಕನಿಯ ಬಾಗಿಲಿಗೆ ಕಾಶಪ್ಪ ಬೆನ್ನು ಕೊಟ್ಟು ಕಾವಲು ಕೂತಿದ್ದ. ಸಿದ್ದವ್ವ ಮೊದಲ ಧಪಾಟಿಯನ್ನು ಸೊಸೆಯ ತಾಟಿಗೆ ಹಾಕಿ, ಆ ಮಿಕ್ಸರ್ ನಿಜವಾಗಿ ಹೇಗೆ ಬಂತೆಂಬ ಕಥೆ ಶುರು ಮಾಡಿದಳು. ಅಷ್ಟರಲ್ಲಿ ಬಾಲ್ಕನಿ ಬಾಗಿಲ ಗಾಜಿನಾಚೆ ಯಾರೋ ಹಾಯ್ದಂತಾಯಿತು. ಸಿದ್ದವ್ವ ತಲೆ ಎತ್ತದೆ, ಹುಟ್ಟಿನಿಂದ ಬಂದ ರೂಢಿಯಂತೆ, “ಬರ್ರಿ, ನಾಷ್ಟಾ ಮಾಡೂಣು,” ಎಂದಳು.

ಗಾಜಿಗೆ ಮೂಗು ಒತ್ತಿ ನಿಂತಿದ್ದ ನಿನ್ನೆಯ ಗಡವ ಹಲ್ಲು ಕಿಸಿಯಿತು.

“ಏ, ಅದನ್ನ್ಯಾಕ ಕರೀತಿ?” ಎಂದು ಕಾಶಪ್ಪ ಚಿಟ್ಟನೆ ಚೀರಿದ.

“ಕರೀಲಿ ಬಿಡ್ರಿ ಮಾವಾರ,” ಎಂದಳು ಪದ್ಮಶ್ರೀ, ಬಾಯಿ ತುಂಬ ತುತ್ತು ಇಟ್ಟುಕೊಂಡೇ. “ಇವತ್ತ ಮದ್ಲ ನನ್ನ ಕರದಾರ.”