ಬೇಲಿ ಮೇಲೆ ಕುಂತವರು

ಆಗ ನಮ್ಮೂರಿನ ಮಿಡ್ಲ್ ಸ್ಕೂಲಿಗೆ ಇಂಗ್ಲಿಷ್ ಇನ್ನೂ ಹೊಸದು. ಹರಿಯಬ್ಬೆ ಕಡೆಯ ನಮ್ಮ ಹಳ್ಳಿಯಲ್ಲಿ ಶೇಂಗಾ ಕಿತ್ತು ಮುಗಿದರೆ ಗೊಬ್ಬರಕ್ಕೆಂದು ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದರು. ಕ್ಲಾಸಿನ ಕಿಟಕಿಯಿಂದ ಕುರಿಹಿಕ್ಕೆಯ ವಾಸನೆ, ಸುಟ್ಟ ಶೇಂಗಾದ ವಾಸನೆ ಎರಡೂ ಒಟ್ಟಿಗೇ ಬರುತ್ತಿದ್ದವು. ಆ ಮಂದೆ ಊರಂಚಿನ ಗುಡಿಸಲಲ್ಲಿದ್ದ ಕರಿಯವ್ವನ ಅಪ್ಪನದು. ಕರಿಯವ್ವ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಅವಳ ಲಂಗದ ಮಡಿಲಲ್ಲಿರುತ್ತಿದ್ದ ಶೇಂಗಾದಲ್ಲಿ ಅರ್ಧ ನನ್ನದು.

ಒಂದು ದಿನ ಮೇಷ್ಟ್ರು 'ಸಿಟಿಂಗ್ ಆನ್ ದಿ ಫೆನ್ಸ್' ಎಂದು ಬೋರ್ಡಿನ ಮೇಲೆ ಬರೆದರು. "ಅಂದ್ರೆ ಬೇಲಿ ಮೇಲೆ ಕುಂತಿರೋದು. ಇಬ್ಬರ ಜಗಳದಾಗೆ ಯಾರ ಕಡೆಗೂ ಮಾತಾಡ್ದೆ ಸುಮ್ನಿರ್ತಾರಲ್ಲ, ಅಂಥೋರಿಗೆ ಹಂಗಂತಾರೆ."

ಕರಿಯವ್ವ ಎದ್ದು ನಿಂತಳು. "ಸಾ, ಜಾಲಿಮುಳ್ಳಿನ ಮೇಲೆ ಹೆಂಗೆ ಕುಂತ್ಕಂತಾರೆ?"

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕು, "ಅವರ ದೇಶದಾಗೆ ಬೇಲಿ ಮರದ್ದು ಕಣಮ್ಮ" ಎಂದು ಚಿತ್ರ ಬರೆದು ತೋರಿಸಿದರು.

ಅವತ್ತಿನಿಂದ ನಮಗದು ಆಟವಾಯಿತು. ಒಬ್ಬಳು ಶಾಲೆಯ ಮೋಟುಗೋಡೆಯ ಮೇಲೆ ಕೂರಬೇಕು. ಎರಡೂ ಕಡೆಯವರು ಬಾ ಬಾ ಎಂದು ಕೂಗಬೇಕು. ಎತ್ತಲೂ ಹಾರದೆ ಕೂತೇ ಇದ್ದವಳು ಔಟ್. ಕರಿಯವ್ವ ಹಿಂದೆ ಮುಂದೆ ನೋಡದೆ ನಾನಿದ್ದ ಕಡೆಗೇ ಹಾರುತ್ತಿದ್ದಳು.

ಅದೇ ಚಳಿಗಾಲ ಪಟೇಲರ ಜೋಳದ ಹೊಲದ ಬೇಲಿ ಮುರಿದು ಪೈರು ಹಾಳಾಯಿತು. ಅವರು ಕರಿಯವ್ವನ ಅಪ್ಪನ ಕುರಿಗಳ ಮೇಲೆ ಹೊರಿಸಿದರು. ನುಗ್ಗಿದ್ದು ಪಟೇಲರ ಎತ್ತುಗಳೇ ಎಂಬುದನ್ನು ನಮ್ಮಪ್ಪ ಕಣ್ಣಾರೆ ಕಂಡಿದ್ದ. ಉಣ್ಣುವಾಗ ಅವ್ವನಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಆದರೆ ನಮ್ಮ ಮೆಣಸಿನಕಾಯಿ ತೋಟಕ್ಕೆ ನೀರು ಬರುತ್ತಿದ್ದುದು ಪಟೇಲರ ಬಾವಿಯಿಂದ.

ಊರವರು ಕಟ್ಟೆ ಹತ್ತಿರ ಸೇರಿದರು. ಕರಿಯವ್ವನ ಅಪ್ಪ ಹೆಗಲ ಕಂಬಳಿಯನ್ನು ಕೈಗೆ ತೆಗೆದುಕೊಂಡು ನಮ್ಮಪ್ಪನತ್ತ ತಿರುಗಿದ. "ರಂಗಣ್ಣ, ಆ ಹೊತ್ನಾಗೆ ನೀನು ಅಲ್ಲೇ ಇದ್ದೆ. ಕಂಡಿದ್ದು ಹೇಳಪ್ಪ, ಸಾಕು."

ಅಪ್ಪ ನೆಲ ನೋಡುತ್ತ, "ನಂಗೆ ಇಬ್ರೂ ಬೇಕಾದೋರೇ. ನಾನೇನ್ ಹೇಳ್ಲಿ" ಎಂದ.

ಅಷ್ಟೇ. ಇನ್ನು ಈ ಊರ ಹೊಲಗಳಲ್ಲಿ ಆ ಮಂದೆ ನಿಲ್ಲಕೂಡದೆಂದು ತೀರ್ಮಾನವಾಯಿತು. ಮರುದಿನ ಕುರಿಗಳು ಹೊಸದುರ್ಗದ ಕಡೆ ಹೊರಟವು. ಗಂಟು ಹೇರಿದ ಕತ್ತೆಯ ಹಿಂದೆ ಕರಿಯವ್ವ ನಡೆಯುತ್ತಿದ್ದಳು.

"ಯಾವಾಗ ಬರ್ತೀಯೇ?" ಎಂದೆ.

"ನಿಮ್ಮಪ್ಪನ್ನ ಕೇಳು" ಎಂದಳು.

ಆ ಮಾತು ಇವತ್ತಿಗೂ ಮರೆತಿಲ್ಲ.

ಈಗ ಆ ಹೊಲಗಳಿಗೆಲ್ಲ ತಂತಿಬೇಲಿ. ಗೊಬ್ಬರ ಚೀಲದಲ್ಲಿ ಬರುತ್ತದೆ, ಮಂದೆ ಬರುವುದಿಲ್ಲ. ಯಾವುದಕ್ಕಾಗಿ ಅಪ್ಪ ಬಾಯಿ ಮುಚ್ಚಿಕೊಂಡನೋ ಆ ಬಾವಿಯೂ ಬತ್ತಿ ಹೋಯಿತು. ಹಾಸಿಗೆ ಹಿಡಿದಿದ್ದಾಗ ಒಂದು ದಿನ ಅವನು ಇದ್ದಕ್ಕಿದ್ದಂತೆ, "ನಿನ್ ಜೊತೆ ಆಡ್ತಿತ್ತಲ್ಲ, ಆ ಕುರಿಯೋರ ಹುಡುಗಿ, ಎಲ್ಲೈತೆ ಈಗ?" ಎಂದು ಕೇಳಿದ. "ಗೊತ್ತಿಲ್ಲಪ್ಪ" ಎಂದೆ. ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ.

ಪ್ರತಿ ಸಲವೂ ಅವಳು ನನ್ನ ಕಡೆಗೇ ಹಾರಿದಳು. ಅವಳ ಕಡೆಗೆ ನಮ್ಮ ಮನೆಯಿಂದ ಒಬ್ಬರೂ ಹಾರಲಿಲ್ಲ.