ಮಾವನವರಿಗೆ ಒಪ್ಪಿಗೆಯಾದ ಲೋಕ

ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತೇನೆ. ಮಲೆನಾಡಿನ ಕಾಡಂಚಿನಲ್ಲಿ, ಪಾಳ್ಯ ಎಂಬ ಊರಿನ ಹತ್ತಿರವಿರುವ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಮಳೆ ಜೋರಾಗಿ ಕಾಲೇಜಿಗೆ ರಜೆ ಕೊಟ್ಟಾಗ ಅಲ್ಲೇ ಕೂತು ಆನ್‌ಲೈನ್ ಪಾಠ ಮಾಡಿದೆ. ಪಕ್ಕದಲ್ಲಿ ಮಾವನವರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

ತರ್ಕದಿಂದಲೇ ದೇವರ ಮನಸ್ಸನ್ನು ತಿಳಿಯಬಹುದೆಂದು ನಂಬಿದ್ದ ಯುರೋಪಿನ ಪಂಡಿತರ ಬಗ್ಗೆ ಅಂದಿನ ಪಾಠ. ದೇವರು ಪರಿಪೂರ್ಣ, ಆದ್ದರಿಂದ ಸಾಧ್ಯವಿದ್ದ ಎಲ್ಲ ಲೋಕಗಳಲ್ಲಿ ಅತ್ಯುತ್ತಮವಾದುದನ್ನೇ ಸೃಷ್ಟಿಸಿದ್ದಾನೆ, ಕಾರಣವಿಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ. ವಿದ್ಯಾರ್ಥಿಗಳು ಕ್ಯಾಮೆರಾ ಆರಿಸಿ ಮಲಗಿದ್ದರೋ ಏನೋ, ಪೂರ್ತಿ ಕೇಳಿದವರು ಮಾವನವರೊಬ್ಬರೇ.

"ಮಾತು ಚೆನ್ನಾಗೈತೆ ಕಣಮ್ಮ," ಎಂದರು. "ನಂಗೆ ಇಷ್ಟು ದಿನ ಯಾರೂ ಹೇಳ್ಲೇ ಇಲ್ಲ."

ಅಂದಿನಿಂದ ಅವರು ಯಾವುದಕ್ಕೂ ಜಗ್ಗಲಿಲ್ಲ. ಕೊಟ್ಟಿಗೆ ಸೋರುತ್ತಿದೆ, ಹೆಂಚು ಬದಲಾಯಿಸಿ ಎಂದು ಅತ್ತೆ ಹೇಳಿದರೆ, "ಸೋರೋದಕ್ಕೂ ಒಂದು ಕಾರಣ ಇರ್ತದೆ," ಎನ್ನುವರು. ಸಾರಿಗೆ ಉಪ್ಪು ಕಡಿಮೆಯಾದರೂ ದೇವರ ಲೆಕ್ಕದಲ್ಲಿ ಅದೇ ಸರಿ.

"ಏನ್ ಕಲಿಸ್ಬುಟ್ಟೆ ನೀನು ಇವ್ರಿಗೆ?" ಎಂದು ಅತ್ತೆ ನನ್ನನ್ನು ಕೇಳಿದರು. ಇದನ್ನು ಖಂಡಿಸುವ ವಾದಗಳೂ ಇವೆ, ಮುಂದಿನ ವಾರದ ಪಾಠದಲ್ಲಿ ಬರುತ್ತವೆ ಎಂದೆ. ಎಮ್ಮೆ ನೆನೆಯುತ್ತಿದ್ದುದರಿಂದ ಅತ್ತೆಗೆ ಅಷ್ಟು ದಿನ ಕಾಯುವ ತಾಳ್ಮೆ ಇರಲಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಮಾವನವರು ಹಿತ್ತಲಿನ ಹಲಸಿನ ಹಣ್ಣು ನೋಡಲು ಹೋದರು. ಕಾಫಿ ಗಿಡಗಳ ಆಚೆಯಿಂದ ಒಂಟಿ ಆನೆಯೂ ಅದೇ ಕೆಲಸಕ್ಕೆ ಬಂತು. ಮಾವನವರು ಪಕ್ಕದ ಪಂಪ್‌ಹೌಸಿಗೆ ನುಗ್ಗಿ ಬಾಗಿಲು ಹಾಕಿಕೊಂಡರು. ನಾನು ಮೊಬೈಲ್ ಹಿಡಿದು ಜಗಲಿಯ ಮೂಲೆಗೆ ಓಡಿ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಬಂದೆ. ಅಷ್ಟರಲ್ಲಿ ಅತ್ತೆ ಅಡುಗೆಮನೆ ಕಿಟಕಿಯಲ್ಲಿ ನಿಂತು ವಾದ ಶುರು ಮಾಡಿದ್ದರು.

"ಏನ್ರೀ, ಇದಕ್ಕೂ ಕಾರಣ ಐತಾ?"

"ಐತಲ್ಲೇ," ಎಂದಿತು ಒಳಗಿನಿಂದ ಸಣ್ಣ ದನಿ. "ಹಲಸಿನ ಹಣ್ಣು."

"ಇದಕ್ಕಿಂತ ಒಳ್ಳೇ ಲೋಕ ದೇವ್ರಿಗೆ ಹೊಳೀಲೇ ಇಲ್ವಂತಾ?"

"ಆನೆ ಇಲ್ದೇ ಇರೋದು ಒಂದು ಮಾಡ್ಬೋದಿತ್ತು."

ಆನೆ ಪಂಪ್‌ಹೌಸಿನ ಕಡೆ ತಿರುಗಿತು.

"ಬ್ಯಾಡ ಬ್ಯಾಡ, ಇದೇ ಸರಿಯಾಗೈತೆ."

ಲೋಕ ಒಟ್ಟಾರೆಯಾಗಿ ಅತ್ಯುತ್ತಮವೇ ಹೊರತು ಒಬ್ಬೊಬ್ಬರಿಗೂ ಅಲ್ಲ ಎಂದು ಆ ಪಂಡಿತರು ಹೇಳಿದ್ದು ನೆನಪಾಯಿತು. ಆನೆ ಹಣ್ಣನ್ನು ಸಿಪ್ಪೆ ಸಮೇತ, ಕಣ್ಣು ಅರೆಮುಚ್ಚಿ ಜಗಿಯುತ್ತಿದ್ದುದನ್ನು ನೋಡಿದಾಗ ಆ ವಾದ ಮೊದಲ ಬಾರಿಗೆ ನನಗೆ ಚೆನ್ನಾಗಿ ಅರ್ಥವಾಯಿತು.

ಇಲಾಖೆಯ ಜೀಪು ಬಂದು ಪಟಾಕಿ ಹೊಡೆದ ಮೇಲೆ ಆನೆ ನಿಧಾನವಾಗಿ ಕಾಡಿನ ಕಡೆ ಹೋಯಿತು. ಮಾವನವರು ತಲೆತುಂಬ ಜೇಡರ ಬಲೆ ಹೊತ್ತು ಹೊರಗೆ ಬಂದರು. ಕಾಫಿ ಕುಡಿದು ಮುಗಿಸಿದರು. ಆಮೇಲೆ ಕೇಳಿದರು.

"ಆ ಪಂಡಿತ್ರ ಊರಲ್ಲಿ ಆನೆ ಇದ್ವಾ ಕಣಮ್ಮ?"

"ಇಲ್ಲ ಮಾವ."

"ಹಂಗನ್ನು ಮತ್ತೆ," ಎಂದರು.