ನನ್ನ ರಕ್ತ ಬೇಡವೆಂದ ದಿನ

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನ ಗಂಡ ಅಥಣಿಯಿಂದ ದ್ರಾಕ್ಷಿ ಹೇರಿಕೊಂಡು ಮುಂಬೈಗೆ ಲಾರಿ ಓಡಿಸುತ್ತಿದ್ದ. ಇನ್ನೂ ಮೂವತ್ತು ದಾಟಿರಲಿಲ್ಲ, ಎಡಗಾಲು ತಣ್ಣಗಾಗಿ ಹೆಬ್ಬೆರಳು ಕಪ್ಪಿಡತೊಡಗಿತು. ಎಲ್ಲ ತಂಬಾಕಿನ ಕಾಟ ಎಂದರು ಅತ್ತೆ. ನಾನೂ ನಂಬಿದೆ, ಹುಚ್ಚಿ! ಮೂರು ವರ್ಷದ ಮಗಳನ್ನು ಮಲಗಿಸಿ ದಿನಾ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದೆ.

ಗಡಿಯಾಚೆಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕೊಯ್ದು ತೆಗೆಯದಿದ್ದರೆ ಕಾಲೇ ಹೋಗುತ್ತದೆ ಎಂದರು ಡಾಕ್ಟರು. ಮನೆಯವರು ಎರಡು ಬಾಟಲಿ ರಕ್ತ ಕೊಡಬೇಕಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಜೊತೆಗೆ ಬಂದಿದ್ದ ಭಾವ, ಗಂಡನ ಅಣ್ಣ, ಅಡ್ಡ ಬಂದ.

"ನೀ ಬ್ಯಾಡವ್ವಾ. ಮೊದಲ ಬಡಕಿ ಅದಿ."

ಏನು ಕಾಳಜಿ ಮಹಾರಾಯನಿಗೆ! ನನ್ನ ತಲೆಯ ಮೇಲೆ ಕಬ್ಬಿನ ಹೊರೆ ಹೊರಿಸುವಾಗ ಒಂದು ದಿನವೂ ನಾನು ಬಡಕಲಿಯಾಗಿ ಕಂಡಿರಲಿಲ್ಲ. ಅವನು ಚಹಾಕ್ಕೆ ಹೋದಾಗ ನಾನೇ ರಕ್ತ ತೆಗೆಯುವ ಕೋಣೆಗೆ ಹೋದೆ. ಅಲ್ಲಿದ್ದ ನರ್ಸ್ ಯಾರ ಕಡೆಯವರೆಂದು ಕೇಳಿ, ಹೆಂಡತಿ ಎಂದೊಡನೆ ಸೂಜಿ ಕೆಳಗಿಟ್ಟಳು. ರೋಗಿಗೆ ಏಡ್ಸ್ ಸೋಂಕಿದೆ, ಅದರಿಂದಲೂ ಎಳೆ ವಯಸ್ಸಿನಲ್ಲಿ ಹೀಗೆ ನಾಳ ಕಟ್ಟುವುದುಂಟು, ಹೆಂಡತಿಯ ರಕ್ತ ಬೇಡ, ಎಲ್ಲವನ್ನೂ ಅವರ ಅಣ್ಣನಿಗೆ ಹೇಳಿದ್ದೇವಲ್ಲ ಎಂದಳು. ಆಗೆಲ್ಲ ಹಾಗೇ. ರೋಗ ಯಾರಿಗೇ ಇರಲಿ, ಸುದ್ದಿ ಮನೆಯ ಹಿರಿಯ ಗಂಡಸಿಗೆ.

ಡಾಕ್ಟರು ಪುಣ್ಯಾತ್ಮರು. ಆ ಹೆಸರು ಕೇಳಿದರೆ ಮುಟ್ಟದವರೇ ಹೆಚ್ಚಿದ್ದ ಕಾಲದಲ್ಲಿ ಎರಡೆರಡು ಕೈಗವಸು ತೊಟ್ಟು ಆಪರೇಷನ್ ಮಾಡಿದರು. ಮರುದಿನ ಪಾದ ಮುಟ್ಟಿದೆ, ಬೆಚ್ಚಗಿತ್ತು. ಹಿಮ್ಮಡಿಯ ಪಕ್ಕ ನಾಡಿ ಬಡಿಯುತ್ತಿತ್ತು. ಅವನು ನಕ್ಕ, ಕಾಲು ಉಳಿಯಿತೆಂದು.

ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ಮಗಳು ಹುಟ್ಟೂಕಿಂತ ಮೊದಲ. ಅವ್ವಗೂ ಗೊತ್ತಿತ್ತ. ನಿನಗ ಹೇಳಿದ್ರ ತವರಿಗಿ ಹೋಗತಿದ್ದಿ. ನನ್ನ ನೋಡಾವ್ರು ಯಾರ?"

ಮೈಯೆಲ್ಲ ಉರಿದುಹೋಯಿತು. ಅತ್ತೆಗೆ ಗೊತ್ತು, ಭಾವನಿಗೆ ಗೊತ್ತು, ಇವನಿಗೆ ಗೊತ್ತು. ನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ನನ್ನ ಕುತ್ತಿಗೆ ಕೊಯ್ದಿದ್ದ. ಆ ಪಾದದಿಂದ ಕೈ ತೆಗೆದೆ. ಮೆಟ್ಟಿಲಿಳಿದು ನರ್ಸ್ ಎದುರು ಕೂತು ತೋಳು ಚಾಚಿದೆ.

"ನಂದೂ ನೋಡ್ರಿ," ಎಂದೆ. "ನಾಳಿಗಿ ಮಗಳನ್ನೂ ಕರಕೊಂಡ ಬರ್ತೀನಿ."